ಕಿಂಕ್ ಪುಸ್ತಕಗಳನ್ನು ನಾನು ಹುಡುಕಿದ್ದು, ಓದಿದ್ದು, ಹಂಚಿದ್ದು

ನಮ್ಮದು ಕಿಂಕ್ ಗುಂಪು. ಅಂದರೆ ಕಟ್ಟುವುದು, ನೋವು, ಅಧಿಕಾರ ಇಂಥವನ್ನು ಒಪ್ಪಿಗೆಯಿಂದ ಆಡುವ ಲೈಂಗಿಕ ಆಟಗಳಲ್ಲಿ ಆಸಕ್ತಿ ಇರುವ ವಯಸ್ಕರ ಗುಂಪು. ಹೊಸದಾಗಿ ಬಂದವರು ನನ್ನನ್ನು ಕೇಳುವ ಮೊದಲ ಮಾತು, "ಯಾವ ಪುಸ್ತಕದಿಂದ ಶುರು ಮಾಡಲಿ, ಹೇಳಿ." ಗುಂಪಿನ ಪುಸ್ತಕದ ಕಪಾಟಿನ ಬೀಗದ ಕೈ ನನ್ನ ಹತ್ತಿರ ಇದೆ, ಅದಕ್ಕೆ ಕೇಳುತ್ತಾರೆ. ನಾನು ತಕ್ಷಣ ಹೆಸರು ಹೇಳುವುದಿಲ್ಲ. "ಮೊದಲು ನಿಮಗೆ ಹತ್ತಿರವಿರುವ ಲೈಬ್ರರಿಯಲ್ಲಿ ಏನಿದೆ ಅಂತ ಹುಡುಕಿ ಬನ್ನಿ" ಅನ್ನುತ್ತೇನೆ. ತುಂಬ ಜನ ಬರಿಗೈಯಲ್ಲಿ ಬಂದು "ಏನೂ ಇಲ್ಲ" ಅನ್ನುತ್ತಾರೆ. ದೊಡ್ಡ ಲೈಬ್ರರಿಯಾದರೆ ಏನಾದರೂ ಇದ್ದೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಗೊತ್ತಿರುವುದಿಲ್ಲ, ಅಷ್ಟೇ. ಈ ಬರಹ ಆ ದಾರಿಯ ಬಗ್ಗೆ.

ನಾನು ಇದನ್ನೆಲ್ಲ ಶುರು ಮಾಡಿದ್ದು ಸೇವೆ ಮಾಡಬೇಕು ಅಂತ ಏನಲ್ಲ. ಆಟದಲ್ಲಿ ಜೊತೆಗಾರರಿಗೆ ಹಗ್ಗ ಕಟ್ಟುವುದನ್ನು ಕಲಿಯುತ್ತಿದ್ದೆ. ಕಲಿಸುವವರ ಮಾತು ಒಬ್ಬೊಬ್ಬರದು ಒಂದೊಂದು ಥರ. ತೋಳಿಗೆ ಇಲ್ಲಿ ಸುತ್ತಬೇಕು ಅಂತ ಒಬ್ಬರು ಹೇಳಿದರೆ, ಅಲ್ಲಿ ಸುತ್ತಿದರೆ ಕೈ ಜೋಮು ಹಿಡಿಯುತ್ತದೆ ಅಂತ ಇನ್ನೊಬ್ಬರು. ಇಬ್ಬರೂ ಅನುಭವಸ್ಥರೇ. ಯಾರ ಮಾತು ಕೇಳಬೇಕು ಅಂತ ತೀರ್ಮಾನ ಮಾಡಲು ನನಗೆ ಮೂರನೆಯ ಒಂದು ದನಿ ಬೇಕಿತ್ತು. ನಮ್ಮ ಆಟದಲ್ಲಿ ತಿಳಿವಳಿಕೆ ಕಮ್ಮಿಯಾದರೆ ನೋಯುವುದು ಇನ್ನೊಬ್ಬರ ಮೈ. ಹಾಗಾಗಿ ಓದಲೇಬೇಕಾಯಿತು.

ಲೆದರ್ ಸಮುದಾಯ, ಅಂದರೆ ಚರ್ಮದ ಉಡುಪು ತೊಡುವ ಗೇ ಗಂಡಸರ ನಡುವೆ ಹುಟ್ಟಿ ಬೆಳೆದ ಕಿಂಕ್ ಸಮುದಾಯ. ಅದರ ಕಥೆ ಸ್ವಲ್ಪ ಗೊತ್ತಿದ್ದರೆ, ಇಲ್ಲಿ ಪುಸ್ತಕಕ್ಕೆ ಯಾಕೆ ಇಷ್ಟು ಬೆಲೆ ಅಂತ ತಿಳಿಯುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದೊಡ್ಡ ನಗರಗಳಲ್ಲಿ ಗೇ ಗಂಡಸರ ಬೈಕ್ ಕ್ಲಬ್‌ಗಳು ಹುಟ್ಟಿದವು. ಲಾಸ್ ಏಂಜಲೀಸ್‌ನ ಸ್ಯಾಟರ್ಸ್ ಕ್ಲಬ್ 1954ರದ್ದು. ಆಗ ಕಲಿಯುವುದು ಅಂದರೆ ಹಿರಿಯರ ಜೊತೆ ಓಡಾಡಿ, ನೋಡಿ ಕಲಿಯುವುದು. ಅಚ್ಚಾಗಿ ಸಿಗುತ್ತಿದ್ದದ್ದು ಬಹಳ ಕಮ್ಮಿ. 1970ರ ದಶಕದಲ್ಲಿ ಕೈಪಿಡಿಗಳು, ಪತ್ರಿಕೆಗಳು ಬರತೊಡಗಿದವು. ಲೆದರ್ ಗಂಡಸರ ಡ್ರಮ್ಮರ್ ಪತ್ರಿಕೆ ಶುರುವಾದದ್ದು 1975ರಲ್ಲಿ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಸ್ಬಿಯನ್ ಹೆಂಗಸರು ಕಿಂಕ್‌ಗಾಗಿಯೇ ಸಮ್ವಾ ಅನ್ನುವ ಗುಂಪು ಕಟ್ಟಿದರು. ಅವರು ಅಚ್ಚು ಹಾಕಿಸಿದ್ದನ್ನು ಕೆಲವು ಮಹಿಳಾ ಪುಸ್ತಕದಂಗಡಿಗಳೇ ಮಾರಲು ಒಪ್ಪಲಿಲ್ಲ. ಆಮೇಲೆ ಏಡ್ಸ್ ಬಂತು. ಕಲಿಸುತ್ತಿದ್ದ ಒಂದು ತಲೆಮಾರೇ ಖಾಲಿಯಾಯಿತು. ಸತ್ತವರ ಮನೆಗೆ ಬಂದ ನೆಂಟರು ಪತ್ರ, ಫೋಟೊ, ಪತ್ರಿಕೆಗಳ ಕಟ್ಟನ್ನು ನೋಡಿ ನಾಚಿಕೆಪಟ್ಟು ಕಸಕ್ಕೆ ಎಸೆದದ್ದೂ ಉಂಟು. ಬಾಯಿಂದ ಬಾಯಿಗೆ ಬರುತ್ತಿದ್ದದ್ದೂ ಹೋಯಿತು, ಬರೆದಿಟ್ಟದ್ದೂ ಹೋಯಿತು. ಉಳಿದದ್ದನ್ನು ಈಗ ನಾವು ಹುಡುಕಬೇಕು.

ಹುಡುಕುವ ಕೆಲಸ ಶುರುವಾಗುವುದು ಕ್ಯಾಟಲಾಗ್‌ನಲ್ಲಿ. ಹೊಸಬರು ಸೋಲುವುದೂ ಅಲ್ಲೇ. ನಮ್ಮ ಸಮುದಾಯದ ಮಾತನ್ನೇ ಅಲ್ಲಿ ಟೈಪ್ ಮಾಡುತ್ತಾರೆ. 'ಲೆದರ್' ಅಂತ ಹೊಡೆದರೆ ಚರ್ಮ ಹದ ಮಾಡುವುದು, ಚೀಲ ಹೊಲಿಯುವುದು ಬರುತ್ತದೆ. 'ಬಾಂಡೇಜ್' ಅಂದರೆ ಗುಲಾಮಗಿರಿಯ ಇತಿಹಾಸ. 'ಡಿಸಿಪ್ಲಿನ್' ಅಂದರೆ ಮಕ್ಕಳನ್ನು ಬೆಳೆಸುವುದು ಹೇಗೆ. 'ಮಾಸ್ಟರ್ಸ್' ಅಂದರೆ ಯೂರೋಪಿನ ಚಿತ್ರಕಾರರು. 'ರೋಪ್' ಅಂದರೆ ಹಡಗಿನ ಗಂಟುಗಳು. ಈ ಕೊನೆಯದು ಮಾತ್ರ ವ್ಯರ್ಥವಲ್ಲ. ಗಂಟುಗಳ ಬಗ್ಗೆ ನಾನು ಓದಿದ ಅತ್ಯುತ್ತಮ ಪುಸ್ತಕ ನಾವಿಕರಿಗಾಗಿ ಬರೆದದ್ದೇ.

ನಾನು ಮಾಡುವುದು ಹೀಗೆ. ಇದೆ ಅಂತ ಖಾತ್ರಿ ಇರುವ ಒಂದು ಪುಸ್ತಕ ಹಿಡಿಯುತ್ತೇನೆ. ಅದರ ದಾಖಲೆ ತೆಗೆದು, ಕೆಳಗೆ ಕೊಟ್ಟಿರುವ ವಿಷಯದ ಹೆಸರುಗಳನ್ನು ನೋಡುತ್ತೇನೆ. ಸಾಮಾನ್ಯವಾಗಿ ಅಲ್ಲಿ 'ಸ್ಯಾಡೋಮ್ಯಾಸೊಕಿಸಂ' ಅಂತ ಇರುತ್ತದೆ, ನೋವು ಕೊಡುವುದರಲ್ಲಿ, ಪಡೆಯುವುದರಲ್ಲಿ ಸಿಗುವ ಲೈಂಗಿಕ ಸುಖ ಅಂತ ಅರ್ಥ. ನಾವು ಯಾರೂ ದಿನನಿತ್ಯ ಬಳಸದ ಮಾತು ಅದು. ಆದರೆ ಕ್ಯಾಟಲಾಗ್ ಬರೆಯುವವರು ಬಳಸುವುದು ಅದನ್ನೇ. ಅದರ ಮೇಲೆ ಒತ್ತಿದರೆ ಅದೇ ವಿಷಯದ ಉಳಿದ ಪುಸ್ತಕಗಳೆಲ್ಲ ಸಾಲಾಗಿ ಬರುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯಪಟ್ಟಿಯನ್ನು ಬೇರೆ ಎಷ್ಟೋ ಲೈಬ್ರರಿಗಳೂ ಬಳಸುತ್ತವೆ. ಅದರಲ್ಲಿ ಬಹಳ ಕಾಲ 'ಲೈಂಗಿಕ ವಿಕೃತಿ' ಅಂತ ಇತ್ತು. ಆಮೇಲೆ ಅದು 'ಲೈಂಗಿಕ ವಿಚಲನೆ' ಆಯಿತು. 2007ರಲ್ಲಿ 'ಪ್ಯಾರಾಫಿಲಿಯಾ' ಆಯಿತು, ಅಸಾಮಾನ್ಯ ಲೈಂಗಿಕ ಆಸಕ್ತಿಗೆ ವೈದ್ಯರು ಬಳಸುವ ಮಾತು. ಹಳೆಯ ದಾಖಲೆಗಳನ್ನು ತಿದ್ದದೆ ಹಾಗೇ ಬಿಟ್ಟ ಲೈಬ್ರರಿಗಳೂ ಇವೆ. ಅದಕ್ಕೇ ಆ ಹಳೆಯ ಬೈಗುಳಗಳನ್ನೂ ಹಾಕಿ ನೋಡುತ್ತೇನೆ. ಮುಖ ಸಿಂಡರಿಸಿಕೊಂಡೇ ಹಾಕುತ್ತೇನೆ, ಆದರೆ ಹಾಕುತ್ತೇನೆ.

ಇನ್ನೊಂದು ದಾರಿ, ವಿಷಯಕ್ಕೆ ತಕ್ಕಂತೆ ಪುಸ್ತಕದ ಬೆನ್ನ ಮೇಲೆ ಹಾಕುವ ನಂಬರ್. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಜೋಡಿಸಿದ ಕಡೆ ಎಚ್‌ಕ್ಯೂ 79 ಹುಡುಕಿ. ಡ್ಯೂಯಿ ಪದ್ಧತಿ ಇದ್ದರೆ 306.77ರ ಸುತ್ತಮುತ್ತ ಕಣ್ಣಾಡಿಸಿ. ಅಲ್ಲಿಗೇ ನಿಲ್ಲಬೇಡಿ. ಮನೋವೈದ್ಯರು ಬರೆದದ್ದು 616.8583ರಲ್ಲಿ, ಕಾಯಿಲೆಗಳ ಸಾಲಿನಲ್ಲಿ ಕೂತಿರುತ್ತದೆ. ಆತ್ಮಕಥೆಗಳು ಜೀವನಚರಿತ್ರೆಯ ಕಪಾಟಿನಲ್ಲಿ. ಹಗ್ಗದ ಫೋಟೊ ಪುಸ್ತಕಗಳು ಕಲೆಯ ವಿಭಾಗದಲ್ಲಿ. ಕೋರ್ಟ್ ಕೇಸುಗಳು ಕಾನೂನಿನ ಕಡೆ. ಒಂದೇ ಸಮುದಾಯದ ಓದು ಲೈಬ್ರರಿಯ ನಾಲ್ಕು ಮೂಲೆಯಲ್ಲಿ ಚದುರಿರುತ್ತದೆ. ಇಡೀ ಕಟ್ಟಡ ಸುತ್ತಲು ಬೇಸರಪಡದಿದ್ದವರಿಗೆ ಮಾತ್ರ ಸಿಗುತ್ತದೆ.

ಹೀಗೆ ಚದುರಿಸಿ, ಮುಚ್ಚಿಡುವುದಕ್ಕೆ ಹಳೆಯ ಚರಿತ್ರೆಯೇ ಇದೆ. 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯರು ಈ ವಿಷಯದ ಬಗ್ಗೆ ದೊಡ್ಡ ಪುಸ್ತಕ ಬರೆದಾಗ, ಸಾಮಾನ್ಯ ಜನ ಓದಬಾರದು ಅಂತ ಕೆಲವು ಭಾಗಗಳನ್ನು ಲ್ಯಾಟಿನ್‌ನಲ್ಲಿ ಬರೆದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಯಲ್ಲಿ ಇಂಥ ಪುಸ್ತಕಗಳಿಗೆ 'ಪ್ರೈವೇಟ್ ಕೇಸ್' ಅಂತ ಬೇರೆ ಕಪಾಟು ಇತ್ತು. ಬಹಳ ಕಾಲ ಅದರ ಪುಸ್ತಕಗಳು ಸಾರ್ವಜನಿಕ ಕ್ಯಾಟಲಾಗ್‌ನಲ್ಲೇ ಇರಲಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 'ಡೆಲ್ಟಾ' ಗುರುತು ಹಾಕಿ ಬೀಗದೊಳಗೆ ಇಡುತ್ತಿದ್ದರು. ಜನರ ಲೈಂಗಿಕ ಬದುಕಿನ ಬಗ್ಗೆ ಅಧ್ಯಯನ ಮಾಡಿದ ಆಲ್ಫ್ರೆಡ್ ಕಿನ್ಸೀ ಅವರ ಸಂಶೋಧನಾ ಸಂಸ್ಥೆ ಹೊರದೇಶದಿಂದ ತರಿಸಿದ ಸಾಮಗ್ರಿಯನ್ನು ಅಮೆರಿಕದ ಕಸ್ಟಮ್ಸ್‌ನವರು ಹಿಡಿದಿಟ್ಟರು. ಸಂಶೋಧನೆಗಾಗಿ ತರಿಸಬಹುದು ಅಂತ ಕೋರ್ಟ್ ತೀರ್ಪು ಕೊಟ್ಟದ್ದು 1957ರಲ್ಲಿ. ಅಷ್ಟರಲ್ಲಿ ಕಿನ್ಸೀ ತೀರಿಕೊಂಡಿದ್ದರು. ಕೆನಡಾದ ವ್ಯಾಂಕೂವರ್‌ನಲ್ಲಿ ಲಿಟ್ಲ್ ಸಿಸ್ಟರ್ಸ್ ಅನ್ನುವ ಗೇ-ಲೆಸ್ಬಿಯನ್ ಪುಸ್ತಕದಂಗಡಿಗೆ ಬರುತ್ತಿದ್ದ ಪೆಟ್ಟಿಗೆಗಳನ್ನು ಕಸ್ಟಮ್ಸ್ ವರ್ಷಗಟ್ಟಲೆ ತಡೆಯಿತು. ಅಂಗಡಿಯನ್ನು ಗುರಿಮಾಡಿ ಭೇದ ಮಾಡಿದ್ದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆದರೆ ಪುಸ್ತಕ ತಡೆಯುವ ಕಾನೂನನ್ನು ಪೂರ್ತಿ ತೆಗೆದುಹಾಕಲಿಲ್ಲ.

ಈಗ ಬೀಗ ಕಮ್ಮಿ. ಆದರೆ ಪುಸ್ತಕ ಮಾಯವಾಗುವುದು ನಿಂತಿಲ್ಲ. ಲೈಂಗಿಕತೆಯ ಪುಸ್ತಕಗಳು ಲೈಬ್ರರಿಯಿಂದ ಕಳುವಾಗುವುದು ಜಾಸ್ತಿ. ಕದಿಯುವವರೆಲ್ಲ ಕಳ್ಳರಲ್ಲ. ಕೌಂಟರ್‌ಗೆ ಒಯ್ದು ತೋರಿಸಲು ಮುಜುಗರಪಟ್ಟು ಬ್ಯಾಗಿಗೆ ಹಾಕಿಕೊಂಡವರೇ ಹೆಚ್ಚಿರಬೇಕು ಅಂತ ನನ್ನ ಅನುಮಾನ. ಕಳುವಾಗುತ್ತದೆ ಅಂತ ಸಿಬ್ಬಂದಿ ಅದನ್ನು ಕೌಂಟರ್ ಹಿಂದೆ ಇಡುತ್ತಾರೆ. ಅಲ್ಲಿಟ್ಟರೆ ಬಾಯಿ ಬಿಟ್ಟು ಕೇಳಬೇಕು. ಕೇಳುವವರು ಯಾರು? ಹಾಗಾಗಿ ಯಾರೂ ಒಯ್ಯುವುದಿಲ್ಲ. ಕೆಲವು ವರ್ಷ ಯಾರೂ ಒಯ್ಯದ ಪುಸ್ತಕವನ್ನು ಲೈಬ್ರರಿಯವರು ಪಟ್ಟಿಯಿಂದಲೇ ತೆಗೆಯುತ್ತಾರೆ. ಜಾಗ ಬೇಕಲ್ಲ, ಅವರಿಗೂ.

ಇದನ್ನು ತಡೆಯಲು ಒಂದು ಸಣ್ಣ ಉಪಾಯ ಒಬ್ಬ ಲೈಬ್ರೇರಿಯನ್ನರೇ ನನಗೆ ಹೇಳಿಕೊಟ್ಟರು. ಮನೆಗೆ ಒಯ್ಯಲು ಆಗದಿದ್ದರೆ ಅಲ್ಲೇ ಕೂತು ಓದಿ. ಓದಿ ಮುಗಿದ ಮೇಲೆ ವಾಪಸ್ ಕಪಾಟಿಗೆ ಇಡಬೇಡಿ, ಮೇಜಿನ ಮೇಲೇ ಬಿಟ್ಟು ಹೋಗಿ. ಹಾಗೆ ಬಿಟ್ಟ ಪುಸ್ತಕಗಳನ್ನು ಎಷ್ಟೋ ಲೈಬ್ರರಿಗಳು ಎಣಿಸಿ, ಒಳಗೇ ಬಳಸಿದ್ದು ಅಂತ ಲೆಕ್ಕ ಇಡುತ್ತವೆ. ಆ ಲೆಕ್ಕ ಪುಸ್ತಕವನ್ನು ಉಳಿಸುತ್ತದೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಈಗ ಇದು ಎಲ್ಲರಿಗೂ ಅಭ್ಯಾಸವಾಗಿದೆ. ಅಚ್ಚುಕಟ್ಟಾಗಿ ಎತ್ತಿಡುವವರನ್ನು ಉಳಿದವರು ಗದರುತ್ತಾರೆ.

ಹೆಸರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಓದುಗರ ಗುಟ್ಟು ಕಾಪಾಡುವುದು ಲೈಬ್ರರಿ ವೃತ್ತಿಯ ಹಳೆಯ ನೀತಿ. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್‌ನ ನೀತಿಸಂಹಿತೆಯಲ್ಲಿ 1939ರಿಂದಲೂ ಇದೆ. ಹೆಚ್ಚಿನ ಲೈಬ್ರೇರಿಯನ್ನರು ನೀವು ಏನು ಒಯ್ದಿರಿ ಅಂತ ಎರಡು ಸಲ ನೋಡುವುದೂ ಇಲ್ಲ. ಗುಟ್ಟು ರಟ್ಟಾಗುವುದು ಬೇರೆ ಕಡೆಯಿಂದ. ಕಾಯ್ದಿರಿಸಿದ ಪುಸ್ತಕವನ್ನು ಎಲ್ಲರೂ ಓಡಾಡುವ ಕಡೆ, ಹೆಸರಿನ ಚೀಟಿ ಸಿಕ್ಕಿಸಿ ಇಟ್ಟಿರುತ್ತಾರೆ. ಮನೆಯವರೆಲ್ಲ ಬಳಸುವ ಟ್ಯಾಬ್‌ನಲ್ಲಿ 'ನೀವು ಕೇಳಿದ ಪುಸ್ತಕ ಬಂದಿದೆ' ಅಂತ ಹೆಸರು ಸಮೇತ ಸಂದೇಶ ಮಿನುಗುತ್ತದೆ. ಇ-ಪುಸ್ತಕದ ಆ್ಯಪ್ ಹಿಂದೆ ಓದಿದ್ದರ ಪಟ್ಟಿ ಇಟ್ಟುಕೊಂಡು, ಅದೇ ಥರದ್ದನ್ನು ಮುಖಪುಟದಲ್ಲಿ ಹಾಕುತ್ತದೆ. ನಾನು ಹೊಸಬರ ಜೊತೆ ಕೂತು ಮೊದಲು ಇವನ್ನು ಸರಿಮಾಡಿಸುತ್ತೇನೆ. ಓದಿನ ಇತಿಹಾಸ ಉಳಿಸುವ ಆಯ್ಕೆಯನ್ನು ಆಫ್ ಮಾಡುವುದು, ಸಂದೇಶಗಳಿಗೆ ಬೇರೆ ಇಮೇಲ್ ಕೊಡುವುದು, ಚೀಟಿಯ ಮೇಲೆ ಹೆಸರಿನ ಬದಲು ಕಾರ್ಡ್ ನಂಬರಿನ ಕೊನೆಯ ಅಂಕಿಗಳು ಹಾಕಬಹುದೇ ಅಂತ ಕೇಳುವುದು. ಕೇಳಿದರೆ ಹೆಚ್ಚಿನವರು ಮಾಡಿಕೊಡುತ್ತಾರೆ. ಕಾರಣ ಹೇಳಬೇಕಾಗಿಲ್ಲ. ಕೆಲಸ ಹೋಗುವ, ಮಕ್ಕಳ ಪಾಲನೆಯ ಕೇಸಿನಲ್ಲಿ ಇದನ್ನೇ ಎತ್ತಿ ತೋರಿಸುವ ಭಯ ಇರುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಇದು ಸಣ್ಣ ವಿಷಯವಲ್ಲ.

ಲೈಬ್ರರಿಯಲ್ಲಿ ಇಲ್ಲದ ಪುಸ್ತಕಕ್ಕೆ ಇಂಟರ್‌ಲೈಬ್ರರಿ ಲೋನ್ ಇದೆ. ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡುತ್ತಾರೆ. ನಮ್ಮ ವಿಷಯದಲ್ಲಿ ಇದು ಅರ್ಧ ಸಲ ಮಾತ್ರ ಫಲ ಕೊಡುತ್ತದೆ. ಕಿಂಕ್ ಪುಸ್ತಕಗಳನ್ನು ಅಚ್ಚು ಮಾಡಿದವರು ಹೆಚ್ಚಾಗಿ ಪುಟ್ಟ ಪ್ರಕಾಶಕರು. ಒಂದೆರಡು ಮುದ್ರಣ ಆಗಿ ನಿಂತುಹೋಗಿರುತ್ತದೆ. ಪ್ರತಿ ಅಪರೂಪವಾದ ಮೇಲೆ ಯಾರೂ ಹೊರಗೆ ಕಳಿಸುವುದಿಲ್ಲ. ಆಗ ನಾನು ಪುಸ್ತಕ ಕೇಳುವುದನ್ನು ಬಿಟ್ಟು, ಬೇಕಾದ ಒಂದು ಅಧ್ಯಾಯದ ಸ್ಕ್ಯಾನ್ ಕೇಳುತ್ತೇನೆ. ಅದು ಬೇಗ ಬರುತ್ತದೆ. ಹೊಸ ಪುಸ್ತಕವಾದರೆ ಕೊಳ್ಳಲು ಸಲಹೆ ಕೊಡುವ ಫಾರಂ ತುಂಬುತ್ತೇನೆ. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ, ಪ್ರಕಾಶಕರ ಹೆಸರು, ಎಲ್ಲಾದರೂ ವಿಮರ್ಶೆ ಬಂದಿದ್ದರೆ ಅದರ ವಿವರ, ಇಷ್ಟು ಹಾಕಿದರೆ ಸಾಕು. ಉದ್ದ ಭಾಷಣ ಬರೆದವರ ಅರ್ಜಿ ನಿಂತಲ್ಲೇ ನಿಂತದ್ದನ್ನು ನೋಡಿದ್ದೇನೆ.

ಆರ್ಕೈವ್, ಅಂದರೆ ಹಳೆಯ ಕಾಗದಪತ್ರಗಳನ್ನು ಕಾಪಾಡಿ ಇಡುವ ಜಾಗ, ಬೇರೆಯೇ ಲೋಕ. ಶಿಕಾಗೋದ ಲೆದರ್ ಆರ್ಕೈವ್ಸ್ ಅಂಡ್ ಮ್ಯೂಸಿಯಂ 1991ರಲ್ಲಿ ಶುರುವಾಯಿತು. ಚಕ್ ರೆನ್‌ಸ್ಲೋ ಮತ್ತು ಟೋನಿ ಡಿಬ್ಲೇಸ್ ಶುರು ಮಾಡಿದ್ದು. 1989ರಲ್ಲಿ ಲೆದರ್ ಸಮುದಾಯದ ಬಾವುಟ ರೂಪಿಸಿದವರೂ ಇದೇ ಡಿಬ್ಲೇಸ್. ಓದಿದ್ದು ಪ್ರಾಣಿಶಾಸ್ತ್ರ. ಸಂಗ್ರಹಿಸಿ, ಹೆಸರು ಅಂಟಿಸಿ, ಜೋಪಾನ ಮಾಡುವ ಬುದ್ಧಿ ಅಲ್ಲಿಂದಲೇ ಬಂದಿರಬೇಕು ಅಂತ ನಾನು ಅಂದುಕೊಳ್ಳುತ್ತೇನೆ. ಆ ಸಂಸ್ಥೆಯೊಳಗೇ ಒಂದು ಲೈಬ್ರರಿ ಇದೆ. ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ. ಅಮೆರಿಕದಲ್ಲೇ ವಯೋಲಾ ಜಾನ್ಸನ್ ಅವರು ಕಟ್ಟಿದ ಕಾರ್ಟರ್-ಜಾನ್ಸನ್ ಲೆದರ್ ಲೈಬ್ರರಿ ಇದೆ. ಅವರದು ಊರೂರು ಸುತ್ತುವ ಲೈಬ್ರರಿ. ಸಮಾವೇಶ ನಡೆಯುವ ಕಡೆ ಪುಸ್ತಕ, ಪತ್ರಿಕೆ, ಕ್ಲಬ್ ಪಿನ್ನುಗಳನ್ನೆಲ್ಲ ಒಯ್ದು ಹರಡುತ್ತಾರೆ. ಜನ ಲೈಬ್ರರಿಗೆ ಬರುವುದನ್ನು ಕಾಯುತ್ತ ಕೂರಲಿಲ್ಲ ಅವರು. ಕಾರ್ನೆಲ್ ವಿಶ್ವವಿದ್ಯಾಲಯದ ಹ್ಯೂಮನ್ ಸೆಕ್ಶುಆಲಿಟಿ ಕಲೆಕ್ಷನ್, ಸ್ಯಾನ್ ಫ್ರಾನ್ಸಿಸ್ಕೋದ ಜಿಎಲ್‌ಬಿಟಿ ಹಿಸ್ಟಾರಿಕಲ್ ಸೊಸೈಟಿ, ಇಂಡಿಯಾನಾದ ಕಿನ್ಸೀ ಸಂಸ್ಥೆ, ಇವು ಕೂಡ ಹುಡುಕಾಟಕ್ಕೆ ಒಳ್ಳೆಯ ಜಾಗಗಳು.

ಆರ್ಕೈವ್‌ಗಳಿಂದ ನಾನು ಹೆಚ್ಚಿನ ಕೆಲಸ ಮಾಡಿಸಿಕೊಂಡದ್ದು ದೂರದಿಂದ, ಇಮೇಲ್ ಬರೆದೇ. ಇದಕ್ಕೆ ಒಂದು ಕ್ರಮ ಇದೆ. 'ನಿಮ್ಮಲ್ಲಿ ಏನೇನಿದೆ ಹೇಳಿ' ಅಂತ ಬರೆಯಬಾರದು. ಅವರ ಫೈಂಡಿಂಗ್ ಏಡ್ ಅಂತ ಇರುತ್ತದೆ, ಯಾವ ಪೆಟ್ಟಿಗೆಯಲ್ಲಿ ಯಾವ ಫೋಲ್ಡರ್ ಅನ್ನುವ ಪಟ್ಟಿ. ಅದನ್ನು ಪೂರ್ತಿ ಓದಿ, ಪೆಟ್ಟಿಗೆ ಸಂಖ್ಯೆ ಹಾಕಿ ಕೇಳಬೇಕು. ಆಗ ಉತ್ತರವೂ ಖಚಿತವಾಗಿ ಬರುತ್ತದೆ. ನೇರ ಹೋಗುವುದಾದರೆ ಮುಂಚೆಯೇ ಸಮಯ ಗೊತ್ತು ಮಾಡಿಕೊಳ್ಳಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಕಾಗದ ಮುಟ್ಟಲು ತೊಳೆದು ಒರೆಸಿದ ಕೈ ಸಾಕು. ಫೋಟೊಗೆ ಮಾತ್ರ ಕೈಗವಸು ಕೊಡುತ್ತಾರೆ. ಹಳೆಯ ಪತ್ರಿಕೆಗಳ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಹಳದಿಗಟ್ಟಿ ಮಡಿಕೆಯಲ್ಲೇ ಮುರಿಯುತ್ತದೆ. ಜೋರಾಗಿ ಪುಟ ತಿರುಗಿಸುವ ಅಭ್ಯಾಸ ಬಿಡಿ.

ಪತ್ರಿಕೆ ಸಿಕ್ಕರೆ ನಾನು ಮೊದಲು ತೆಗೆಯುವುದು ಓದುಗರ ಪತ್ರ ಮತ್ತು ಜಾಹೀರಾತು. ಲೇಖನ ಆಮೇಲೆ. ಲೇಖನದಲ್ಲಿ ಬರೆಯುವವರು ತಮ್ಮನ್ನು ಹೇಗೆ ತೋರಿಸಿಕೊಳ್ಳಬೇಕು ಅಂತ ಇದ್ದರೋ ಅದು ಇರುತ್ತದೆ. ಪತ್ರಗಳಲ್ಲಿ ಜಗಳ ಇರುತ್ತದೆ. ಯಾರನ್ನು ಕ್ಲಬ್ಬಿಗೆ ಬಿಡಬೇಕು, ಹೆಂಗಸರಿಗೆ ಜಾಗ ಇದೆಯಾ, ಹೊಸ ಹುಡುಗರು ಹಿರಿಯರಿಗೆ ಮರ್ಯಾದೆ ಕೊಡುವುದಿಲ್ಲ. ಈಗಿನ ಜಗಳಗಳನ್ನೇ ನಲವತ್ತು ವರ್ಷ ಹಿಂದಿನ ಕಾಗದದಲ್ಲಿ ಓದುವಾಗ ನಗು ಬರುತ್ತದೆ. 'ನಮ್ಮ ಕಾಲದಲ್ಲಿ ಎಲ್ಲ ಶಿಸ್ತಾಗಿತ್ತು' ಅನ್ನುವ ಹಿರಿಯರ ಮಾತನ್ನು ಆಮೇಲೆ ಅಷ್ಟು ಸುಲಭವಾಗಿ ನಂಬಲು ಆಗುವುದಿಲ್ಲ.

ಪುಸ್ತಕ ಕೈಗೆ ಬಂದ ಮೇಲೆ ನಾನು ಮಾಡುವ ಮೊದಲ ಕೆಲಸ ಅಚ್ಚಾದ ವರ್ಷ ನೋಡುವುದು. ನಮ್ಮ ಕಪಾಟಿನ ಪ್ರತಿ ಪುಸ್ತಕದ ಒಳಮೈ ಮೇಲೆ ವರ್ಷವನ್ನು ದೊಡ್ಡದಾಗಿ ಬರೆದ ಚೀಟಿ ಅಂಟಿಸಿದ್ದೇನೆ. ಮರುಮುದ್ರಣದ ವರ್ಷ ಅಲ್ಲ, ಮೊದಲು ಬರೆದ ವರ್ಷ. ಇದು ಸುಮ್ನೆ ಹಟಕ್ಕೆ ಅಲ್ಲ. ಎಚ್‌ಐವಿ ವೈರಸ್ ಪತ್ತೆಯಾದದ್ದು 1983ರಲ್ಲಿ. ಅದಕ್ಕಿಂತ ಹಿಂದಿನ ಕೈಪಿಡಿ ರಕ್ತ, ಸೂಜಿ, ಸಲಕರಣೆ ತೊಳೆಯುವುದು ಇವುಗಳ ಬಗ್ಗೆ ಏನು ಹೇಳಿದರೂ ಅದನ್ನು ಚರಿತ್ರೆ ಅಂತ ಓದಬೇಕು, ಮಾಡಲು ಹೋಗಬಾರದು. 'ಸೇಫ್, ಸೇನ್, ಕನ್ಸೆನ್ಶುವಲ್' (ಸುರಕ್ಷಿತ, ವಿವೇಕದ, ಒಪ್ಪಿಗೆಯ) ಅನ್ನುವ ಮಾತು ನ್ಯೂಯಾರ್ಕ್‌ನ ಒಂದು ಗುಂಪಿನಿಂದ ಹೊರಟದ್ದೂ 1983ರ ಸುಮಾರಿಗೇ. ಅದಕ್ಕೂ ಮುಂಚಿನ ಬರಹದಲ್ಲಿ ಒಪ್ಪಿಗೆ ಇರಲಿಲ್ಲ ಅಂತಲ್ಲ. ಆದರೆ ಅದನ್ನು ಬಿಡಿಸಿ ಹೇಳುವ ರೂಢಿ ಇರಲಿಲ್ಲ. ಹೊಸಬರಿಗೆ ಇದು ಗೊತ್ತಾಗದೆ ಗಾಬರಿಯಾಗುತ್ತಾರೆ, ಇಲ್ಲವೇ ಒಪ್ಪಿಗೆ ಬೇಕಿಲ್ಲ ಅಂತ ತಪ್ಪು ತಿಳಿಯುತ್ತಾರೆ. ಎರಡನೆಯದು ಅಪಾಯ.

ಹಗ್ಗದ ಪುಸ್ತಕಗಳಲ್ಲಿ ವರ್ಷದ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಹಳೆಯವುಗಳಲ್ಲಿ ಎಚ್ಚರಿಕೆ ಎಲ್ಲ ರಕ್ತ ಓಡಾಟದ ಬಗ್ಗೆ. ಬೆರಳು ನೀಲಿಯಾಯಿತಾ, ತಣ್ಣಗಾಯಿತಾ ನೋಡಿ ಅನ್ನುತ್ತವೆ. ಹೊಸ ಪುಸ್ತಕಗಳು ನರದ ಬಗ್ಗೆ ಮಾತಾಡುತ್ತವೆ. ತೋಳಿನ ಹೊರಭಾಗದಲ್ಲಿ ಮೂಳೆಗೆ ಒತ್ತಿಕೊಂಡು ರೇಡಿಯಲ್ ನರ ಹೋಗುತ್ತದೆ. ಹಗ್ಗ ಅದನ್ನು ಅಮುಕಿದರೆ ಮಣಿಕಟ್ಟು ಮೇಲೆತ್ತಲು ಆಗದ ಹಾಗೆ ಆಗಬಹುದು. ಸರಿಹೋಗಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಬೆರಳಿನ ಬಣ್ಣ ಚೆನ್ನಾಗಿಯೇ ಇದ್ದು ನರಕ್ಕೆ ಪೆಟ್ಟಾಗಬಹುದು. ನಾನು ಮೊದಲು ಹೇಳಿದ ಇಬ್ಬರು ಗುರುಗಳ ಜಗಳ ನನಗೆ ಬಗೆಹರಿದದ್ದು ಹೀಗೆ. ಒಬ್ಬರು ಹಳೆಯ ಪುಸ್ತಕದಿಂದ ಕಲಿತವರು, ಇನ್ನೊಬ್ಬರು ಹೊಸದರಿಂದ. ಉಸಿರು ತಡೆಯುವ ಆಟದ ಬಗ್ಗೆಯೂ ಹೀಗೇ. ಕೆಲವು ಹಳೆಯ ಬರಹಗಳು ಅದನ್ನು ಹಗುರವಾಗಿ ತೆಗೆದುಕೊಂಡಿವೆ. ಅದಕ್ಕೆ ಸುರಕ್ಷಿತ ವಿಧಾನ ಅಂತ ಒಂದೂ ಇಲ್ಲ. ಆ ಪುಟಗಳಿಗೆ ನಮ್ಮ ಕಪಾಟಿನಲ್ಲಿ ಕೆಂಪು ಚೀಟಿ ಇದೆ. ಪುಟ ಹರಿದು ಹಾಕಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಮುಚ್ಚಿಟ್ಟವರ ಚರಿತ್ರೆ ಓದಿ ಓದಿ ನನಗೆ ಕತ್ತರಿ ಕಂಡರೇ ಆಗುವುದಿಲ್ಲ.

ಮನೋವೈದ್ಯರ ಪುಸ್ತಕಗಳಿಗೂ ವರ್ಷ ನೋಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂತು. ಅದು ಆಸಕ್ತಿ ಬೇರೆ, ಕಾಯಿಲೆ ಬೇರೆ ಅಂತ ಬಿಡಿಸಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಒಪ್ಪಿಗೆಯಿಂದ ನಡೆಯುವ ಸ್ಯಾಡೋಮ್ಯಾಸೊಕಿಸಂ ಅದರಲ್ಲಿ ಕಾಯಿಲೆಯೇ ಅಲ್ಲ. ಅದಕ್ಕಿಂತ ಹಳೆಯ ಪುಸ್ತಕ ಓದಿ 'ನನಗೆ ಹುಚ್ಚಾ' ಅಂತ ಕೇಳಿಕೊಂಡು ಬಂದವರನ್ನು ಸಮಾಧಾನ ಮಾಡಿದ್ದೇನೆ. ಆ ಪುಸ್ತಕಗಳಲ್ಲಿ ಇರುವವರೆಲ್ಲ ಡಾಕ್ಟರ ಹತ್ತಿರ ಹೋದವರು. ಖುಷಿಯಾಗಿ ಇದ್ದವರು ಡಾಕ್ಟರ ಹತ್ತಿರ ಯಾಕೆ ಹೋಗುತ್ತಾರೆ, ಅಲ್ವಾ?

ಕಾದಂಬರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಬಹಳ ಜನ ಓದು ಶುರು ಮಾಡಿದ್ದು ಕಥೆಗಳಿಂದಲೇ, ಅದರಲ್ಲಿ ನಾಚಿಕೆ ಏನಿಲ್ಲ. ಕಥೆಯಲ್ಲಿ ಯಾರೂ ಹಗ್ಗ ಕತ್ತರಿಸಲು ಕತ್ತರಿ ಪಕ್ಕದಲ್ಲಿ ಇಟ್ಟುಕೊಳ್ಳುವುದಿಲ್ಲ, ಮುಂಚೆ ಕೂತು ಮಾತಾಡುವುದಿಲ್ಲ, ಯಾರಿಗೂ ಕಾಲು ಸೆಳೆತ ಬರುವುದಿಲ್ಲ. ಬರೆದರೆ ಓಟ ಕೆಡುತ್ತದೆ. ಕಥೆಯಿಂದ ನಿಮಗೆ ಏನು ಇಷ್ಟ ಅಂತ ತಿಳಿದುಕೊಳ್ಳಿ, ಹೇಗೆ ಮಾಡಬೇಕು ಅಂತ ಬೇರೆ ಕಡೆ ಕಲಿಯಿರಿ.

ಇನ್ನು ನಮ್ಮ ಕಪಾಟು. ಗುಂಪಿನವರು ಓದಿ ಮುಗಿಸಿದ ಪುಸ್ತಕಗಳನ್ನು ತಂದು ಕೊಟ್ಟು ಕೊಟ್ಟು ಅದು ಬೆಳೆಯಿತು. ವಯಸ್ಕರಿಗೆ ಮಾತ್ರ. ಗುಂಪಿಗೆ ಬಂದು ಮುಖ ಪರಿಚಯವಾದವರಿಗೆ ಮಾತ್ರ. ಎಲ್ಲ ಪುಸ್ತಕಗಳಿಗೂ ಒಂದೇ ಥರದ ಕಂದು ಕಾಗದದ ಹೊದಿಕೆ, ಬೆನ್ನ ಮೇಲೆ ಬರೀ ನಂಬರ್. ಯಾವುದು ಏನು ಅನ್ನುವ ಪಟ್ಟಿ ಬೇರೆ ಇರುತ್ತದೆ. ಬಸ್ಸಿನಲ್ಲಿ ಕೂತು ಓದಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಯಾರು ಒಯ್ದರು ಅಂತ ಬರೆದಿಡುವುದು ಹೇಗೆ ಅನ್ನುವುದಕ್ಕೆ ನಾನು ಬಹಳ ತಲೆ ಕೆಡಿಸಿಕೊಂಡೆ. ಬರೆಯದಿದ್ದರೆ ಪುಸ್ತಕ ವಾಪಸ್ ಬರುವುದಿಲ್ಲ. ಬರೆದರೆ, ಆ ಲೆಕ್ಕದ ಪುಸ್ತಕ ಯಾರ ಕೈಗಾದರೂ ಸಿಕ್ಕರೆ ಇಡೀ ಗುಂಪಿನ ಹೆಸರು, ಇಷ್ಟ ಎಲ್ಲ ಬಯಲು. ಕೊನೆಗೆ ಬಿಲ್ಲೆ ಮಾಡಿದೆವು. ಪ್ರತಿ ಸದಸ್ಯರಿಗೂ ಒಂದು ಬಿಲ್ಲೆ, ಮೇಲೆ ಅವರೇ ಆರಿಸಿಕೊಂಡ ಒಂದು ಗುರುತು. ಒಬ್ಬರದು ಮೀನು, ಒಬ್ಬರದು ಗಾಲಿ. ಪುಸ್ತಕ ತೆಗೆದ ಜಾಗದಲ್ಲಿ ಬಿಲ್ಲೆ ಇಟ್ಟು ಹೋಗುತ್ತಾರೆ. ವಾಪಸ್ ಇಟ್ಟಾಗ ಬಿಲ್ಲೆ ತೆಗೆದುಕೊಳ್ಳುತ್ತಾರೆ. ಒಂದು ಬಿಲ್ಲೆಗೆ ಒಂದೇ ಪುಸ್ತಕ. ಪುಸ್ತಕ ಹಿಂದೆ ಬಂದ ಮೇಲೆ ಯಾರು ಏನು ಓದಿದರು ಅನ್ನುವುದಕ್ಕೆ ಯಾವ ಕುರುಹೂ ಉಳಿಯುವುದಿಲ್ಲ. ಗುರುತು ಯಾರದು ಅಂತ ನನಗೆ ಗೊತ್ತು, ಎಲ್ಲೂ ಬರೆದಿಲ್ಲ. ನಾನು ಇಲ್ಲದಿದ್ದರೆ ಏನು ಗತಿ ಅಂತ ಕೇಳಿದ್ದಕ್ಕೆ, ಇನ್ನೊಬ್ಬ ಸದಸ್ಯರಿಗೂ ಹೇಳಿಕೊಟ್ಟಿದ್ದೇನೆ. ಪುಸ್ತಕಗಳು ಕಳೆಯುವುದು ಇದರಿಂದ ನಿಂತೇ ಹೋಯಿತು ಅಂತ ಹೇಳಲಾರೆ. ಕಮ್ಮಿಯಾಯಿತು.

ನನಗೆ ಅತಿ ಇಷ್ಟವಾದ ವ್ಯವಸ್ಥೆ ಹಿಂದಿನ ಹೊದಿಕೆಯ ಒಳಗಿನ ಲಕೋಟೆ. ಓದಿದವರು ಪುಸ್ತಕದ ಮೇಲೆ ಗೀಚಬಾರದು. ಹೇಳುವುದಿದ್ದರೆ ಒಂದು ಚೀಟಿಯಲ್ಲಿ ಪುಟ ಸಂಖ್ಯೆ, ತಿಂಗಳು, ವರ್ಷ ಹಾಕಿ ಬರೆದು ಲಕೋಟೆಗೆ ಹಾಕಬೇಕು. ಹೆಸರು ಬೇಡ. 'ಈ ಗಂಟು ಎಳೆದರೆ ಬಿಗಿಯಾಗುತ್ತದೆ, ಬೇಡ.' 'ಇಲ್ಲಿ ಹೇಳಿದ ಹಾಗೆ ಮಾತಾಡಿ ನೋಡಿದೆವು, ಕೆಲಸ ಮಾಡಿತು.' 'ದಪ್ಪ ಮೈಯವರಿಗೆ ಈ ಕಟ್ಟು ಕೂರುವುದಿಲ್ಲ, ಇದರ ಬದಲು ಇಪ್ಪತ್ತನೇ ಪುಟದ್ದು ನೋಡಿ.' ಬರೆದವರು ತಮ್ಮ ಮೈ, ತಮ್ಮ ವಯಸ್ಸು ಮನಸ್ಸಿನಲ್ಲಿಟ್ಟು ಬರೆದ ಪುಸ್ತಕಕ್ಕೆ ಬೇರೆ ಬೇರೆ ಮೈಗಳವರು ಸೇರಿಸಿದ ಮಾತು ಅವು. ಕೆಲವು ಪುಸ್ತಕಗಳಲ್ಲಿ ಈಗ ಲಕೋಟೆಯೇ ಪುಸ್ತಕಕ್ಕಿಂತ ಉಪಯೋಗ. ಚೀಟಿಗಳ ನಡುವೆಯೇ ಜಗಳವೂ ನಡೆಯುತ್ತದೆ. ನಾನು ಯಾವುದನ್ನೂ ತೆಗೆಯುವುದಿಲ್ಲ, ಯಾರನ್ನಾದರೂ ಗುರುತಿಸುವ ಹಾಗೆ ಬರೆದಿದ್ದರೆ ಮಾತ್ರ ತೆಗೆಯುತ್ತೇನೆ.

ಈ ಓದು ಹೆಚ್ಚಿನಂಶ ಇಂಗ್ಲಿಷ್‌ನಲ್ಲಿದೆ. ಅದು ಅಷ್ಟಾಗಿ ಬಾರದವರು ನಮ್ಮಲ್ಲಿದ್ದಾರೆ. ಕಣ್ಣು ಮಂದವಾದವರು, ಅಕ್ಷರ ಕೂಡಿಸಿ ಓದಲು ಕಷ್ಟಪಡುವವರೂ ಇದ್ದಾರೆ. ಅವರಿಗಾಗಿ ಗಟ್ಟಿಯಾಗಿ ಓದುವುದನ್ನು ಶುರು ಮಾಡಿದೆವು. ಸೇರಿದಾಗ ಯಾರಾದರೂ ಒಬ್ಬರು ಎರಡು ಪುಟ ಓದಿ, ತಮ್ಮ ಮಾತಿನಲ್ಲಿ ಹೇಳುತ್ತಾರೆ. ಎರಡೇ ಪುಟ. ಜಾಸ್ತಿ ಓದಿದರೆ ಜನ ಆಕಳಿಸುತ್ತಾರೆ. ಓದುವುದಕ್ಕಿಂತ ಆಮೇಲಿನ ಮಾತು ಉದ್ದ. ಪುಸ್ತಕ ಮುಟ್ಟದ ಕೆಲವರು ಇದಕ್ಕಾಗಿಯೇ ಬರುತ್ತಾರೆ, ಬಂದು ಎಲ್ಲರಿಗಿಂತ ಚೆನ್ನಾಗಿ ತಪ್ಪು ಹಿಡಿಯುತ್ತಾರೆ.

ಉಳಿದದ್ದು ಒಂದು. ನಮ್ಮ ಹತ್ತಿರ ಇರುವ ಕಾಗದಗಳ ಗತಿ. ನಾನು ನನ್ನದಕ್ಕೆ ವ್ಯವಸ್ಥೆ ಮಾಡಿದ್ದೇನೆ. ಮೊದಲು ಒಂದು ಆರ್ಕೈವ್‌ಗೆ ಬರೆದು, ಏನೇನು ಬೇಕು ಅಂತ ಕೇಳಿದೆ. ಎಲ್ಲವೂ ಅವರಿಗೆ ಬೇಕಿರುವುದಿಲ್ಲ. ಎಲ್ಲ ಕಡೆ ಸಿಗುವ ಪುಸ್ತಕ ಅವರಲ್ಲಿ ಆಗಲೇ ಇರುತ್ತದೆ. ಅವರಿಗೆ ಬೇಕಾದದ್ದು ಸಣ್ಣ ಗುಂಪುಗಳ ಕರಪತ್ರ, ಸಭೆಯ ಟಿಪ್ಪಣಿ, ಕಾರ್ಯಕ್ರಮದ ಪಟ್ಟಿ, ನಾವು ಎಸೆಯುವಂಥದ್ದು. ಆಮೇಲೆ ನನ್ನ ಉಯಿಲಿನಲ್ಲಿ ಆ ಪೆಟ್ಟಿಗೆಗಳ ಬಗ್ಗೆ ಬೇರೆ ಕಲಮು ಬರೆಸಿದೆ. ಅವನ್ನು ತೆಗೆದುಕೊಂಡು ಹೋಗುವ ಕೆಲಸ ಗುಂಪಿನ ಗೆಳೆಯರೊಬ್ಬರಿಗೆ, ಮನೆಯವರಿಗಲ್ಲ. ಮನೆಯವರಿಗೆ ಈ ಕಷ್ಟ ಕೊಡುವುದು ಬೇಡ. ಆರ್ಕೈವ್‌ಗೆ ಕೊಡುವಾಗ ದಾನಪತ್ರಕ್ಕೆ ಸಹಿ ಹಾಕಬೇಕು. ಅದರಲ್ಲಿ ಷರತ್ತು ಹಾಕಲು ಅವಕಾಶ ಇರುತ್ತದೆ. ಇಂಥ ಫೋಲ್ಡರನ್ನು ಇಷ್ಟು ವರ್ಷ ತೆರೆಯಬಾರದು ಅಂತ ಕೇಳಬಹುದು. ನನಗೆ ಬಂದ ಪತ್ರಗಳಲ್ಲಿ ಬೇರೆಯವರ ಬದುಕು ಇದೆ. ಅವುಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ, ಬರೆದವರಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ಕೆಲವರು ಇಡಿ ಅಂದರು. ಇಬ್ಬರು ವಾಪಸ್ ಕೊಡಿ ಅಂದರು, ಕೊಟ್ಟೆ. ಉಳಿದವರ ಉತ್ತರ ಇನ್ನೂ ಬರಬೇಕು.